ಕುಂಡದ ನೊರಜು, ಗೋಡೆಯಾಚೆಯ ಹುಳು

ದೊಡ್ಡ ಶತ್ರುವಿನೆದುರು ಸೋತವನಿಗೆ ಸ್ವಲ್ಪ ಮರ್ಯಾದೆಯಾದರೂ ಉಳಿಯುತ್ತದೆ. ಸಣ್ಣ ಶತ್ರುವಿನೆದುರು ಸೋತವನಿಗೆ ಅದೂ ಇಲ್ಲ. ಕನಕಪುರದ ಕಡೆಯ ರೈತನೊಬ್ಬ ರಾತ್ರಿ ತನ್ನ ಹೊಲಕ್ಕೆ ಆನೆ ನುಗ್ಗಿತೆಂದು ಹೇಳಿದರೆ ಕೇಳಿದವರು ಅಯ್ಯೋ ಎಂದು ಮರುಗುತ್ತಾರೆ. ರಾಮನಗರದ ಬಂಡೆಗಳ ನಡುವೆ ಚಿರತೆಯನ್ನು ಕಂಡು ಓಡಿ ಬಂದವನ ಸುತ್ತ ನಾಲ್ಕು ಜನ ನೆರೆದು ಕಥೆ ಕೇಳುತ್ತಾರೆ. ಆದರೆ ಕನ್ನಡ ಅಧ್ಯಾಪಕನೊಬ್ಬ, ಎಳ್ಳುಕಾಳಿನಷ್ಟಿರುವ ನೊರಜು ತನ್ನನ್ನು ಓದುವ ಕೋಣೆಯಿಂದ ಹೊರಗೆ ಅಟ್ಟಿತೆಂದು ಸಹೋದ್ಯೋಗಿಗಳ ಮುಂದೆ ಹೇಳಿಕೊಂಡರೆ ಅವನಿಗೆ ಸಿಕ್ಕುವುದು ನಗೆ ಮಾತ್ರ. ನನಗೂ ಸಿಕ್ಕಿದ್ದು ಅಷ್ಟೆ. ಆ ನಗೆ ಅಲ್ಲಿಗೇ ಮುಗಿದಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ.

ನಾವಿರುವ ಮನೆ ರಾಮನಗರದ ಅಂಚಿನಲ್ಲಿದೆ. ಮುಂದೆ ಊರು, ಹಿಂದೆ ಹೊಲ. ಹಿತ್ತಿಲಿನಲ್ಲಿ ಎದೆಯೆತ್ತರದ ಒಂದು ಗೋಡೆ. ಗೋಡೆಯಾಚೆಗೆ ಹಿಪ್ಪುನೇರಳೆಯ ತೋಟ. ತೋಟದ ಕೊನೆಯಲ್ಲಿ ಹೆಂಚು ಹೊದಿಸಿದ, ಹುಳು ಸಾಕುವ ಮನೆ. ಈಚೆ ಬದಿಯಲ್ಲಿ ನಮ್ಮ ಸಣ್ಣ ಸಂಸಾರದ ಸಣ್ಣ ವನ: ಗೋಡೆಯ ಮಗ್ಗುಲಿಗೆ ಎರಡು ದಾಸವಾಳ, ಒಂದು ಕರಿಬೇವು, ಬಾಗಿಲಲ್ಲಿ ತುಳಸಿ, ಓದುವ ಕೋಣೆಯ ಕಿಟಕಿಯಲ್ಲಿ ದೊಡ್ಡಪತ್ರೆ, ವೀಳ್ಯದ ಬಳ್ಳಿ ಮತ್ತು ಎಲ್ಲರ ಮನೆಯಲ್ಲಿಯೂ ಇರುವ ಮನಿ ಪ್ಲಾಂಟ್. ಗಿಡ ಬೆಳೆಸುವ ವಿದ್ಯೆ ನನಗೆ ಗೊತ್ತಿಲ್ಲ, ಪ್ರೀತಿಯುಂಟು. ಆ ಪ್ರೀತಿಯನ್ನು ನಾನು ತಿಳಿದಿದ್ದ ಒಂದೇ ವಿಧದಲ್ಲಿ, ಎಂದರೆ ದಿನಕ್ಕೆ ಎರಡು ಹೊತ್ತು ನೀರು ಹುಯ್ಯುವುದರಲ್ಲಿ, ತೋರಿಸುತ್ತಿದ್ದೆ.

ಹೋದ ವರ್ಷದ ಶ್ರಾವಣದಲ್ಲಿ ಮಳೆ ಹಿಡಿದುಕೊಂಡಿತ್ತು. ಒಂದು ಸಂಜೆ ದೀಪ ಹಾಕಿ ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಿ ಕುಳಿತಾಗ ಹಾಳೆಯ ಮೇಲೆ ಒಂದು ಪೂರ್ಣವಿರಾಮ ಚಲಿಸಿತು. ಕಣ್ಣುಜ್ಜಿಕೊಂಡು ನೋಡಿದೆ. ಇನ್ನೊಂದು ಚಲಿಸಿತು. ಮೂರನೆಯದು ಹಾರಿ ಬಂದು ಮೂಗಿನ ತುದಿಯಲ್ಲಿ ಕುಳಿತಿತು. ವಾರ ಕಳೆಯುವಷ್ಟರಲ್ಲಿ ಕಾಫಿಯ ಲೋಟದಲ್ಲಿ ಎರಡು, ನೀರಿನ ತಂಬಿಗೆಯಲ್ಲಿ ನಾಲ್ಕು, ದೀಪದ ಕೆಳಗೆ ಲೆಕ್ಕವಿಲ್ಲದಷ್ಟು. ವೀಳ್ಯದ ಕುಂಡವನ್ನು ತಟ್ಟಿದರೆ ಮಣ್ಣಿನಿಂದ ಕಪ್ಪು ಹೊಗೆಯಂತೆ ಏಳುತ್ತಿದ್ದವು. ಅದೇ ಹೊತ್ತಿಗೆ ಹಿತ್ತಿಲಿನ ದಾಸವಾಳದಲ್ಲಿ ಬೇರೊಂದು ಸೈನ್ಯ: ಕೊಂಬೆಯನ್ನು ಅಲುಗಿಸಿದರೆ ಹಿಟ್ಟು ಜರಡಿ ಹಿಡಿದಂತೆ ಬೆಳ್ಳನೆಯ ಪುಡಿಹುಳುಗಳು ಹಾರಿ, ಒಂದು ಸುತ್ತು ಸುತ್ತಿ, ಮತ್ತೆ ಎಲೆಯ ಅಡಿಗೇ ಸೇರಿಕೊಳ್ಳುತ್ತಿದ್ದವು. ಎಲೆಗಳು ಅಂಟಂಟಾಗಿ, ಮೇಲೆ ಮಸಿ ಬಳಿದಂತೆ ಕಪ್ಪಾಗಿದ್ದವು.

ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಯಾವ ವ್ಯಾಧಿಗೂ ಔಷಧಿಯುಂಟು. ರಸಾಯನಶಾಸ್ತ್ರದವರು ಒಂದು ಕೀಟನಾಶಕದ ಹೆಸರು ಹೇಳಿದರು. ಇತಿಹಾಸದವರು ಹೊಗೆಸೊಪ್ಪಿನ ಕಷಾಯವೇ ಮೇಲೆಂದರು. ಇನ್ನೊಬ್ಬರು ಬೇವಿನೆಣ್ಣೆಯ ಪಕ್ಷ. ನಾನು ಬಹುಮತವನ್ನು ಕಾಯಲಿಲ್ಲ. ಪೇಟೆಗೆ ಹೋಗಿ ಒಂದು ಸೀಸೆಯನ್ನೂ ಕೈಯಿಂದ ಒತ್ತುವ ಒಂದು ಸಿಂಪಡಕವನ್ನೂ ತಂದೆ. ಭಾನುವಾರ ಸಂಜೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೊದಲು ದಾಸವಾಳಕ್ಕೂ ಆಮೇಲೆ ಕುಂಡಗಳಿಗೂ ಧಾರಾಳವಾಗಿ ಹೊಡೆದೆ. ಗಾಳಿ ಬೀಸುತ್ತಿತ್ತು. ಅದು ಯಾವ ದಿಕ್ಕಿಗೆ ಬೀಸುತ್ತಿತ್ತೆಂದು ನಾನು ನೋಡಲಿಲ್ಲ.

ಮಂಗಳವಾರ ಎರಡನೆಯ ವರ್ಷದ ತರಗತಿಯಲ್ಲಿ ಮೂರನೆಯ ಸಾಲಿನ ಒಬ್ಬ ಹುಡುಗಿ ಇರಲಿಲ್ಲ. ಗೋಡೆಯಾಚೆಯ ಮನೆಯವಳು ಆಕೆ, ಪಾಠ ತಪ್ಪಿಸುವವಳಲ್ಲ. ಗುರುವಾರ ಬಂದಾಗ ಕಾರಣ ಕೇಳಿದೆ. ತಲೆ ತಗ್ಗಿಸಿ, “ಹುಳ ಹೋದವು ಸಾರ್” ಎಂದಳು.

ರೇಷ್ಮೆಯ ಊರಿನಲ್ಲಿ ಈ ಎರಡು ಮಾತಿನ ಭಾರ ಎಷ್ಟೆಂಬುದನ್ನು ಹೊರಗಿನವರಿಗೆ ಸ್ವಲ್ಪ ವಿವರಿಸಬೇಕು. ಮೊಟ್ಟೆಯೊಡೆದ ರೇಷ್ಮೆ ಹುಳು ಗೂಡು ಕಟ್ಟುವವರೆಗೆ ಸುಮಾರು ಇಪ್ಪತ್ತೈದು ದಿನ ಬಾಳುತ್ತದೆ. ಈ ಅವಧಿಯಲ್ಲಿ ನಾಲ್ಕು ಸಲ ಮೇಯುವುದನ್ನು ನಿಲ್ಲಿಸಿ, ತಲೆಯೆತ್ತಿ ನಿಶ್ಚಲವಾಗಿ ನಿಂತು, ಹಳೆಯ ಚರ್ಮವನ್ನು ಕಳಚುತ್ತದೆ. ಇದನ್ನು ನಮ್ಮ ಕಡೆಯವರು ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿನ ಹಸಿವು ಹೇಳತೀರದು. ಹಿಂದಿನ ಮೂರು ವಾರದಲ್ಲಿ ತಿಂದದ್ದರ ಎಷ್ಟೋ ಪಾಲು ಸೊಪ್ಪನ್ನು ಆ ಕೊನೆಯ ವಾರವೊಂದರಲ್ಲೇ ಮುಗಿಸುತ್ತದೆ. ಆಗ ಸಾಕಣೆಯ ಮನೆಯ ಬಾಗಿಲಲ್ಲಿ ನಿಂತರೆ ಹೆಂಚಿನ ಮೇಲೆ ಸೋನೆಮಳೆ ಬಿದ್ದಂತೆ ಸದ್ದು ಕೇಳಿಸುತ್ತದೆ. ಮನೆಮಂದಿಯೆಲ್ಲ ರಾತ್ರಿ ನಿದ್ದೆಗೆಟ್ಟು ಸೊಪ್ಪು ಹಾಕುತ್ತಾರೆ. ನೂರು ಮೊಟ್ಟೆಯ ಸಾಕಣೆ ಎಂದರೆ, ಎಂದರೆ ನೂರು ತಾಯಿಚಿಟ್ಟೆಗಳು ಇಟ್ಟ ಮೊಟ್ಟೆ, ನಲವತ್ತು ಐವತ್ತು ಸಾವಿರ ಹುಳು. ಸಾಲದ ಕಂತು, ಮಕ್ಕಳ ಶುಲ್ಕ, ಹಬ್ಬದ ಬಟ್ಟೆ ಎಲ್ಲವೂ ಆ ಒಂದು ವಾರದ ಸೊಪ್ಪಿನ ಮೇಲೆ ನಿಂತಿರುತ್ತವೆ. ನಾನು ಸಿಂಪಡಕವನ್ನು ಹಿಡಿದ ಭಾನುವಾರ, ಗೋಡೆಯಾಚೆಯ ಹುಳು ನಾಲ್ಕನೆಯ ಜ್ವರದಿಂದ ಎದ್ದು ಎರಡು ದಿನವಾಗಿತ್ತು.

ಅಂದು ಸಂಜೆ ಆ ಹುಡುಗಿಯ ಅಜ್ಜಿ ಗೋಡೆಯ ಬಳಿ ಬಂದು ನನ್ನನ್ನು ಕರೆದರು. ಬೀದಿಯವರೆಲ್ಲ ಅವರನ್ನು ದೊಡ್ಡವ್ವ ಎಂದೇ ಕರೆಯುವುದು. ಅರವತ್ತೈದು ದಾಟಿದ ಜೀವ, ಮಾತು ಮಿತ.

“ಮೇಷ್ಟ್ರೇ, ಭಾನುವಾರ ಗಿಡಕ್ಕೇನಾದ್ರೂ ಹೊಡೆದ್ರಾ?”

ಇಲ್ಲವೆಂದು ಹೇಳಬಹುದಾಗಿತ್ತು. ಕಂಡವರು ಯಾರೂ ಇರಲಿಲ್ಲ. ಆ ಒಂದು ಗಳಿಗೆಯಲ್ಲಿ ‘ಇಲ್ಲ’ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತೆಂದು ಒಪ್ಪಿಕೊಳ್ಳಲು ನನಗೆ ಇಂದಿಗೂ ನಾಚಿಕೆಯಾಗುತ್ತದೆ. “ಹೌದು ದೊಡ್ಡವ್ವ, ಹೊಡೆದೆ” ಎಂದೆ.

ಅವರು ಕೋಪಿಸಿಕೊಳ್ಳಲಿಲ್ಲ. ಸೋಮವಾರ ಬೆಳಿಗ್ಗೆ ಗೋಡೆಯ ಮಗ್ಗುಲಿನ ಸಾಲಿನಿಂದ ಕುಯ್ದ ಸೊಪ್ಪನ್ನು ಆರು ತಟ್ಟೆಗೆ ಹಾಕಿದ್ದರಂತೆ. ಮಧ್ಯಾಹ್ನದ ಹೊತ್ತಿಗೆ ಆ ಆರು ತಟ್ಟೆಯ ಹುಳುಗಳು ತಲೆಯೆತ್ತಿ ತೂಗಾಡಿ, ಹಸಿರು ನೀರು ಕಕ್ಕಿ, ಮೈ ಕುಗ್ಗಿ ಬಿದ್ದವು. ಉಳಿದ ತಟ್ಟೆಗಳಿಗೆ ಏನೂ ಆಗಿರಲಿಲ್ಲ. “ಜಗಳಕ್ಕೆ ಕೇಳ್ಲಿಲ್ಲ ಮೇಷ್ಟ್ರೇ. ಆ ಸಾಲಿನ ಸೊಪ್ಪು ಇನ್ನು ಕುಯ್ಯಬೋದೋ ಬ್ಯಾಡವೋ ಅಂತ ತಿಳೀಬೇಕಿತ್ತು, ಅದಕ್ಕೆ” ಎಂದರು. ನಷ್ಟವನ್ನು ಕಟ್ಟಿಕೊಡುತ್ತೇನೆಂದು ಹೇಳಿದೆ. ತಲೆಯಾಡಿಸಿದರು. “ದುಡ್ಡು ಬ್ಯಾಡ. ಇನ್ಮೇಲೆ ಹೊಡೆಯಕೆ ಮುಂಚೆ ಒಂದು ಮಾತು ಕೂಗಿ.”

ಮಾರನೆಯ ದಿನ ನಾನೇ ಅವರ ಸಾಕಣೆಯ ಮನೆಗೆ ಹೋದೆ. ಹತ್ತು ವರ್ಷ ಗೋಡೆಯ ಈಚೆ ಬದುಕಿ, ಒಮ್ಮೆಯೂ ಆಚೆ ಕಾಲಿಟ್ಟಿರಲಿಲ್ಲ. ಬಾಗಿಲಲ್ಲಿ ಹರಡಿದ್ದ ಸುಣ್ಣ ಮತ್ತು ಬ್ಲೀಚಿಂಗ್ ಪುಡಿಯನ್ನು ತುಳಿದು, ಕೈ ತೊಳೆದು ಒಳಗೆ ಹೋಗಬೇಕು. ಎಲ್ಲ ಕಿಟಕಿಗಳಿಗೂ ನೈಲಾನ್ ಬಲೆ. ಬಾಗಿಲಿಗೆ ಬಲೆಯ ಇನ್ನೊಂದು ಬಾಗಿಲು. ಕಿಟಕಿಯ ಪಕ್ಕದಲ್ಲಿ ನೀರು ತುಂಬಿದ ಬಿಳಿಯ ತಟ್ಟೆ. ನೀರಿನಲ್ಲಿ ನಾಲ್ಕೈದು ದೊಡ್ಡ ಬೂದು ನೊಣಗಳು ಸತ್ತು ಬಿದ್ದಿದ್ದವು. “ನಮಗೂ ನೊಣದ ಕಾಟ ಇಲ್ವಾ ಮೇಷ್ಟ್ರೇ? ಮದ್ದು ಹೊಡೆದು ಓಡಿಸಕೆ ಆಯ್ತದಾ? ಹುಳಾನೂ ನೊಣಾನೂ ಒಂದೇ ಜಾತಿ. ಅದಕ್ಕೆ ಹೊಡೆದದ್ದು ಇದಕ್ಕೂ ತಗಲ್ತದೆ.”

ದೊಡ್ಡವ್ವ ತೋರಿಸಿದ್ದು ಊಜಿ ನೊಣ. ಅದು ಹುಟ್ಟಿನಿಂದ ಈ ಸೀಮೆಯದಲ್ಲ; ೧೯೮೦ರಲ್ಲಿ ಪಶ್ಚಿಮ ಬಂಗಾಳದಿಂದ ಬಂದ ಗೂಡುಗಳ ಜೊತೆ ಕರ್ನಾಟಕವನ್ನು ಹೊಕ್ಕಿತು. ಮನೆನೊಣಕ್ಕಿಂತ ದಪ್ಪ, ಬೆನ್ನಿನ ಮೇಲೆ ಕಪ್ಪು ಪಟ್ಟೆಗಳು. ಹೆಣ್ಣು ನೊಣ ರೇಷ್ಮೆ ಹುಳುವಿನ ಮೈಮೇಲೆ ಗುಂಡುಸೂಜಿಯ ತಲೆಯಷ್ಟಿರುವ ಒಂದೆರಡು ಮೊಟ್ಟೆಗಳನ್ನು ಅಂಟಿಸಿ ಹೋಗುತ್ತದೆ. ಎರಡು ಮೂರು ದಿನದಲ್ಲಿ ಮರಿ ಹೊರಬಂದು ಹುಳುವಿನ ಚರ್ಮವನ್ನು ಕೊರೆದು ಒಳಗೆ ಸೇರುತ್ತದೆ. ಹೊಕ್ಕ ಜಾಗದಲ್ಲಿ ಕಪ್ಪು ಕಲೆ ಉಳಿಯುತ್ತದೆ. ಎಳೆಯ ಹುಳುವಾದರೆ ಗೂಡು ಕಟ್ಟುವ ಮೊದಲೇ ಸಾಯುತ್ತದೆ. ಬೆಳೆದ ಹುಳುವಾದರೆ ಗೂಡನ್ನೇನೋ ಕಟ್ಟುತ್ತದೆ. ಆದರೆ ಒಳಗಿನ ಮರಿ ಗೂಡನ್ನೇ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಸುಮಾರು ಒಂದು ಸಾವಿರ ಮೀಟರು ಉದ್ದದ ಒಂದೇ ಎಳೆಯಾಗಿ ಬಿಚ್ಚಬೇಕಾಗಿದ್ದ ನೂಲು ಆ ಒಂದು ತೂತಿನಿಂದ ತುಂಡುತುಂಡಾಗುತ್ತದೆ. ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದ ನಮ್ಮ ಗೂಡಿನ ಮಾರುಕಟ್ಟೆಯಲ್ಲಿ ತೂತುಗೂಡನ್ನು ಕೇಳುವವರಿಲ್ಲ.

ಇಂಥ ಶತ್ರುವನ್ನು ವಿಷವಿಲ್ಲದೆ ಎದುರಿಸುವ ಉಪಾಯಗಳನ್ನು ಇಲ್ಲಿಯ ಜನ ಕಲಿತಿದ್ದಾರೆ. ಬಲೆ ಮೊದಲನೆಯದು. ನೊಣವನ್ನು ಸೆಳೆಯುವ ಗುಳಿಗೆಯನ್ನು ನೀರಿನಲ್ಲಿ ಕರಗಿಸಿ ಕಿಟಕಿಯ ಬಳಿ ಇಡುವ ತಟ್ಟೆ ಎರಡನೆಯದು. ನೆಲದ ಬಿರುಕುಗಳನ್ನು ಮುಚ್ಚುವುದು ಮೂರನೆಯದು. ಊಜಿಯ ಮರಿ ಕೋಶವಾಗುವುದು ಅಲ್ಲಿ. ನಾಲ್ಕನೆಯದು ಎಲ್ಲಕ್ಕಿಂತ ಸ್ವಾರಸ್ಯವಾದದ್ದು. ನೆಸೊಲಿಂಕ್ಸ್ ಥೈಮಸ್ ಎಂಬ ಅತಿ ಚಿಕ್ಕ ಕಣಜವೊಂದು ಊಜಿಯ ಕೋಶವನ್ನು ಹುಡುಕಿ ಅದರೊಳಗೆ ಮೊಟ್ಟೆಯಿಡುತ್ತದೆ. ಕೋಶದೊಳಗಿನ ನೊಣವನ್ನು ತಿಂದು ಕಣಜದ ಮರಿಗಳು ಬೆಳೆಯುತ್ತವೆ. ಈ ಕಣಜವನ್ನು ಬೆಳೆಸಿ ಸಾಕಣೆಯ ಮನೆಗಳಲ್ಲಿ ಬಿಡುವ ಕ್ರಮವನ್ನು ಮೈಸೂರಿನಲ್ಲಿರುವ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರು ರೈತರಿಗೆ ಕಲಿಸಿದರು. ಇಂಥದೇ ಇನ್ನೊಂದು ಪ್ರಸಂಗವುಂಟು. ೨೦೦೮ರಲ್ಲಿ ಕೊಯಮತ್ತೂರಿನ ಕಡೆ ಕಾಣಿಸಿಕೊಂಡ ಪಪ್ಪಾಯಿಯ ಹಿಟ್ಟುತಿಗಣೆ ಮುಂದೆ ಹಿಪ್ಪುನೇರಳೆಗೂ ಹತ್ತಿ ರೇಷ್ಮೆಯವರನ್ನು ಕಂಗೆಡಿಸಿತು. ಸಿಂಪರಣೆಗೆ ಬಗ್ಗದ ಅದು ಕೊನೆಗೆ ಬಗ್ಗಿದ್ದು, ೨೦೧೦ರಲ್ಲಿ ಬೆಂಗಳೂರಿನ ಕೀಟವಿಜ್ಞಾನಿಗಳು ಪೋರ್ಟೊ ರಿಕೊ ದ್ವೀಪದಿಂದ ತರಿಸಿ ಬಿಟ್ಟ ಒಂದು ಕಣಜಕ್ಕೆ. ಹಾರುವ ಸಣ್ಣ ಜೀವವೆಲ್ಲ ಶತ್ರುವಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನನ್ನ ಸೀಸೆಯ ಮದ್ದು ಶತ್ರುವಿಗೂ ಮಿತ್ರನಿಗೂ ಭೇದವನ್ನು ಅರಿಯುತ್ತಿರಲಿಲ್ಲ.

ಹೊರಡುವಾಗ ದೊಡ್ಡವ್ವ ನನ್ನ ಕುಂಡಗಳ ವಿಚಾರ ಕೇಳಿದರು. ಮಣ್ಣಿಗೆ ಏನು ಹಾಕಿದ್ದೀರಿ ಎಂದರು. ಅವರದೇ ತಿಪ್ಪೆಯಿಂದ, ಹುಳುವಿನ ಹಿಕ್ಕೆ ಮತ್ತು ತಿಂದುಳಿದ ಸೊಪ್ಪಿನ ಕಸವನ್ನು ಒಳ್ಳೆಯ ಗೊಬ್ಬರವೆಂದು ಒಂದು ಬುಟ್ಟಿ ತಂದು ಹಾಕಿದ್ದೆ. “ಕೊಳೆತದ್ದಾ, ಹಸೀದಾ?” ನನಗೆ ಗೊತ್ತಿರಲಿಲ್ಲ. ದೊಡ್ಡವ್ವ ಮೊದಲ ಸಲ ನಕ್ಕರು. “ಹಸಿ ಕಸ ಹಾಕಿ ಎರಡು ಹೊತ್ತೂ ನೀರು ಹುಯ್ದರೆ ನೊರಜು ಬರದೆ ನವಿಲು ಬಂದಾತಾ, ಮೇಷ್ಟ್ರೇ?”

ಅಧ್ಯಾಪಕನಿಗೆ ತನ್ನ ಅಜ್ಞಾನ ಗೊತ್ತಾದಾಗ ಉಳಿಯುವ ದಾರಿ ಒಂದೇ, ಓದುವುದು. ಓದಿದೆ. ಮೊದಲನೆಯದಾಗಿ, ನಾನು ಒಂದೇ ಎಂದು ಭಾವಿಸಿದ್ದ ಎರಡು ಸೈನ್ಯಗಳು ಒಂದಕ್ಕೊಂದು ಸಂಬಂಧವೇ ಇಲ್ಲದವು. ದಾಸವಾಳದ ಬಿಳಿನೊಣ ಹೆಸರಿಗೆ ಮಾತ್ರ ನೊಣ. ಅದು ಹೇನು, ತಿಗಣೆಗಳ ಕಡೆಯ ನಂಟು. ಎಲೆಯ ಅಡಿಯಲ್ಲಿ ಕುಳಿತು ರಸವನ್ನು ಹೀರಿ ಸಿಹಿಯಾದ ಅಂಟನ್ನು ಸುರಿಸುತ್ತದೆ. ಆ ಅಂಟಿನ ಮೇಲೆ ಬೆಳೆಯುವ ಶಿಲೀಂಧ್ರವೇ ನಾನು ಕಂಡ ಮಸಿ. ಕುಂಡದ ನೊರಜು ಮಾತ್ರ ನಿಜವಾದ ನೊಣದ ವಂಶ. ಉದ್ದ ಎರಡು ಮೂರು ಮಿಲಿಮೀಟರು, ಕಾಲು ನೀಳ, ನೋಡಲು ಬಡಕಲು ಸೊಳ್ಳೆ. ಆದರೆ ಕಚ್ಚುವುದಿಲ್ಲ. ಹಾರಾಟದಲ್ಲಿ ಬಲವಿಲ್ಲ, ಮಣ್ಣಿನ ಮೇಲೆ ಓಡಾಡುವುದೇ ಹೆಚ್ಚು.

ಈ ನೊರಜಿನ ಆಯುಸ್ಸಿನ ಲೆಕ್ಕವನ್ನು ತಿಳಿದಾಗ ನನ್ನ ಭಾನುವಾರದ ಪರಾಕ್ರಮ ಎಷ್ಟು ವ್ಯರ್ಥವಾಗಿತ್ತೆಂಬುದು ಸ್ಪಷ್ಟವಾಯಿತು. ಹೆಣ್ಣು ನೊರಜು ಒದ್ದೆಮಣ್ಣಿನ ಮೇಲ್ಪದರದಲ್ಲಿ ನೂರು ಇನ್ನೂರು ಮೊಟ್ಟೆಯಿಡುತ್ತದೆ. ನಾಲ್ಕಾರು ದಿನದಲ್ಲಿ ಅವು ಒಡೆದು, ಕರಿಯ ತಲೆಯ, ಗಾಜಿನಂತೆ ಪಾರದರ್ಶಕವಾದ ಮೈಯ ಹುಳುಗಳು ಹೊರಬರುತ್ತವೆ. ಎರಡು ವಾರದಷ್ಟು ಕಾಲ ಮಣ್ಣಿನಲ್ಲಿ ಬೂಷ್ಟನ್ನೂ ಕೊಳೆಯುವ ಕಸವನ್ನೂ ತಿಂದು, ಅದು ಸಾಲದಾದರೆ ಎಳೆಯ ಬೇರಿಗೂ ಬಾಯಿ ಹಾಕುತ್ತವೆ. ಬಳಿಕ ಕೆಲವು ದಿನ ಕೋಶ, ಆಮೇಲೆ ರೆಕ್ಕೆ. ರೆಕ್ಕೆ ಬಂದ ನೊರಜು ಬದುಕುವುದು ಒಂದು ವಾರದಷ್ಟು ಮಾತ್ರ. ಹೀಗೆ ಮೂರು ನಾಲ್ಕು ವಾರದ ಒಂದು ಸುತ್ತಿನಲ್ಲಿ ಮುಕ್ಕಾಲು ಪಾಲು ಮಣ್ಣಿನೊಳಗೆ ಕಳೆಯುತ್ತದೆ. ಹಾರುವುದನ್ನು ಕೊಲ್ಲುವವನು ಮರಕ್ಕೆ ನೀರೆರೆಯುತ್ತ ಅದರ ಎಲೆಯನ್ನು ಕಿತ್ತಂತೆ. ಅದಕ್ಕೆ ತೊಟ್ಟಿಲು ಕಟ್ಟಿದವನು ನಾನು. ದಿನಕ್ಕೆರಡು ಸಲ ತೂಗುತ್ತಿದ್ದವನೂ ನಾನೇ.

ರಾಸಾಯನಿಕ ವಿಷ ಬೇಡವಾದರೆ ‘ಜೈವಿಕ’ ಮದ್ದುಗಳನ್ನು ಬಳಸಬಹುದಲ್ಲ ಎಂದು ಓದುಗರು ಕೇಳಬಹುದು; ನಾನೂ ಕೇಳಿದೆ. ಉತ್ತರವನ್ನು ಹುಡುಕುತ್ತ ಹೋದಾಗ ಎದುರಾದದ್ದು ಮತ್ತೆ ರೇಷ್ಮೆ ಹುಳುವೇ. ಬಿಳಿನೊಣಕ್ಕೆಂದು ಇಂದು ಮಾರುವ ಒಂದು ಬಿಳಿಯ ಪುಡಿ ಬವೇರಿಯಾ ಬ್ಯಾಸಿಯಾನಾ ಎಂಬ ಶಿಲೀಂಧ್ರ. ಆ ಹೆಸರಿನ ಎರಡನೆಯ ಪದ ಇಟಲಿಯ ಅಗೊಸ್ಟಿನೊ ಬಾಸ್ಸಿಯನ್ನು ನೆನಪಿಸುತ್ತದೆ. ಸತ್ತ ರೇಷ್ಮೆ ಹುಳು ಸುಣ್ಣ ಬಳಿದಂತೆ ಬೆಳ್ಳಗೆ ಬಿರುಸಾಗುವ ರೋಗಕ್ಕೆ ಕಣ್ಣಿಗೆ ಕಾಣದ ಒಂದು ಜೀವಿಯೇ ಕಾರಣವೆಂದು ಆತ ವರ್ಷಗಟ್ಟಲೆ ಪ್ರಯೋಗ ಮಾಡಿ ೧೮೩೫ರಲ್ಲಿ ಪ್ರಕಟಿಸಿದ. ನಮ್ಮ ರೈತರು ಆ ರೋಗವನ್ನು ಸುಣ್ಣಕಟ್ಟು ಎನ್ನುತ್ತಾರೆ. ಎಂದರೆ, ನಾನು ದಾಸವಾಳಕ್ಕೆ ಆ ಪುಡಿಯನ್ನು ಹೊಡೆದಿದ್ದರೆ ದೊಡ್ಡವ್ವನ ಮನೆಯತ್ತ ಸುಣ್ಣಕಟ್ಟನ್ನೇ ಗಾಳಿಗೆ ತೂರಿದಂತಾಗುತ್ತಿತ್ತು.

ಇನ್ನೊಂದು ಮದ್ದು ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಸೂಕ್ಷ್ಮಾಣು. ಲೋಕದಲ್ಲಿ ಅತ್ಯಂತ ಹೆಚ್ಚು ಬಳಕೆಯಲ್ಲಿರುವ ಜೈವಿಕ ಕೀಟನಾಶಕ ಇದೇ. ಇದರ ಹೆಸರು ಜರ್ಮನಿಯ ತುರಿಂಜಿಯಾ ಪ್ರಾಂತದಿಂದ ಬಂದಿದೆ. ಅಲ್ಲಿಯ ಹಿಟ್ಟಿನ ಪತಂಗದಲ್ಲಿ ಬರ್ಲಿನರ್ ಎಂಬ ವಿಜ್ಞಾನಿ ೧೯೧೧ರಲ್ಲಿ ಇದನ್ನು ಕಂಡ. ಆದರೆ ಅದಕ್ಕೆ ಹತ್ತು ವರ್ಷ ಮೊದಲೇ, ೧೯೦೧ರಲ್ಲಿ, ಜಪಾನಿನ ಇಶಿವಾಟಾ ಇದನ್ನು ಪತ್ತೆಹಚ್ಚಿದ್ದ. ಎಲ್ಲಿ ಎಂದರೆ ತಟ್ಟನೆ ಸತ್ತು ಬೀಳುತ್ತಿದ್ದ ರೇಷ್ಮೆ ಹುಳುಗಳಲ್ಲಿ. ಇದರ ಒಂದು ಪ್ರಭೇದ, ೧೯೭೬ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ದೊರೆತದ್ದು, ಸೊಳ್ಳೆ ಮತ್ತು ನೊರಜಿನ ಮರಿಗಳ ಮೇಲೆ ಮಾತ್ರ ತನ್ನ ಶಕ್ತಿಯನ್ನು ತೋರುತ್ತದೆ. ಕುಂಡದ ಮಣ್ಣಿಗೆ ಹಾಕಲು ಹೇಳುವುದು ಅದನ್ನೇ. ಆದರೆ ಎಲೆ ತಿನ್ನುವ ಕಂಬಳಿಹುಳುಗಳಿಗೆಂದು ಮಾರುವ ಬೇರೆ ಪ್ರಭೇದಗಳು ರೇಷ್ಮೆ ಹುಳುವನ್ನು ಬಿಡುವುದಿಲ್ಲ, ಏಕೆಂದರೆ ಅದೂ ಒಂದು ಕಂಬಳಿಹುಳುವಿನ ಬಂಧುವೇ. ಡಬ್ಬಿಯ ಮೇಲಿನ ಒಂದು ಪದವನ್ನು ತಪ್ಪಿ ಓದಿದರೆ ಪರಿಣಾಮ ಬೇರೆ. ಹೊಗೆಸೊಪ್ಪಿನ ಕಷಾಯದ ವಿಷಯ ಹೇಳುವುದೇ ಬೇಡ. ಹೊಗೆಸೊಪ್ಪಿನ ಹೊಲದ ಹತ್ತಿರದ ಹಿಪ್ಪುನೇರಳೆ ಸೊಪ್ಪೇ ಹುಳುವಿಗೆ ಕೇಡೆಂದು ರೇಷ್ಮೆಯವರು ಬಲ್ಲರು. ಬೇವು ನಮಗೆ ಅಮೃತವಾದರೂ ಹುಳು ಪೊರೆ ಕಳಚುವ ಕ್ರಮವನ್ನೇ ಕೆಡಿಸುತ್ತದೆ. ಅಧ್ಯಾಪಕರ ಕೊಠಡಿಯ ಮೂರು ಪಕ್ಷಗಳಲ್ಲಿ ಯಾವುದು ಗೆದ್ದಿದ್ದರೂ ಸೋಲುತ್ತಿದ್ದವರು ದೊಡ್ಡವ್ವ.

ಹಾಗಾದರೆ ನೊರಜು ಹೋದದ್ದು ಹೇಗೆ? ಅದ್ಭುತವೇನೂ ನಡೆಯಲಿಲ್ಲ. ಮೊದಲು ಕುಂಡಗಳ ಮೇಲಿನ ಎರಡಂಗುಲ ಮಣ್ಣನ್ನು ತೆಗೆದು ದೂರದ ಗುಂಡಿಗೆ ಹಾಕಿ ಮುಚ್ಚಿದೆ. ಚೆನ್ನಾಗಿ ಕೊಳೆತು ಮಣ್ಣಿನ ವಾಸನೆ ಬಂದ ಗೊಬ್ಬರವನ್ನು ದೊಡ್ಡವ್ವನೇ ಆರಿಸಿಕೊಟ್ಟರು. ಅದರ ಮೇಲೆ ಅರ್ಧ ಅಂಗುಲ ಒಣಮರಳನ್ನು ಹರಡಿದೆ. ಒಣಗಿದ ಮರಳಿನಲ್ಲಿ ನೊರಜಿಗೆ ಮೊಟ್ಟೆಯಿಡುವ ಸೌಕರ್ಯವಿಲ್ಲ. ನೀರಿನ ವಿಷಯದಲ್ಲಿ ಪ್ರೀತಿಯನ್ನು ತಗ್ಗಿಸಿದೆ: ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ, ಅಲ್ಲಿಯೂ ಒಣಗಿದ್ದರೆ ಮಾತ್ರ ನೀರು. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಕೂಡಲೇ ಚೆಲ್ಲುವುದು. ಮಣ್ಣಿನೊಳಗೆ ಇನ್ನೂ ಮರಿಗಳಿವೆಯೇ ಎಂದು ತಿಳಿಯಲು ಒಂದು ಆಲೂಗಡ್ಡೆಯ ಹೋಳನ್ನು ಮಣ್ಣಿಗೆ ಒತ್ತಿ ಇಡಬೇಕು. ಎರಡು ದಿನ ಬಿಟ್ಟು ತಿರುವಿ ನೋಡಿದರೆ ಅದರ ಅಡಿಯಲ್ಲಿ ಬಂದು ಸೇರಿರುತ್ತವೆ. ಹೋಳಿನ ಸಮೇತ ಎತ್ತಿ ಬಿಸಾಡಬಹುದು.

ಹಾರುವವುಗಳಿಗೆ ಹಳದಿ ಬಣ್ಣದ ಮೋಹವುಂಟು. ನೊರಜಿಗೂ ಬಿಳಿನೊಣಕ್ಕೂ ಇರುವ ಸಾಮ್ಯ ಇದೊಂದೇ. ಹಳೆಯ ತಗಡಿನ ತುಂಡುಗಳಿಗೆ ಹಳದಿ ಬಣ್ಣ ಬಳಿದು, ಮೇಲೆ ಹರಳೆಣ್ಣೆ ಸವರಿ, ಕುಂಡದ ಪಕ್ಕದಲ್ಲಿ ನಿಲ್ಲಿಸಿದೆ. ಮೊದಲ ವಾರ ಸಿಕ್ಕಿಬಿದ್ದವುಗಳನ್ನು ಎಣಿಸಲಾಗಲಿಲ್ಲ. ಎರಡನೆಯ ವಾರವೂ ಕಡಿಮೆಯಾಗಲಿಲ್ಲ. ನನ್ನ ತಾಳ್ಮೆ ಕಡಿಮೆಯಾಯಿತು. ಕಪಾಟಿನ ಮೇಲೆ ಆ ಸೀಸೆ ಇನ್ನೂ ಅರ್ಧ ತುಂಬಿಕೊಂಡು ಕುಳಿತಿತ್ತು. ಆದರೆ ಲೆಕ್ಕ ನೆನಪಿತ್ತು: ಮಣ್ಣಿನೊಳಗೆ ಮೊದಲೇ ಇದ್ದವು ಹೊರಗೆ ಬಂದು ಮುಗಿಯಲು ನಾಲ್ಕು ವಾರ ಬೇಕು. ನಾಲ್ಕನೆಯ ವಾರದ ಕೊನೆಗೆ ತಗಡಿನ ಮೇಲೆ ಇದ್ದದ್ದು ಐದಾರು. ದಾಸವಾಳಕ್ಕೆ ಬೇರೆ ಚಿಕಿತ್ಸೆ: ತೀರ ಹಾಳಾದ ಎಲೆಗಳನ್ನು ಕಿತ್ತು, ಉಳಿದವುಗಳ ಅಡಿಗೆ ಬೆಳಗಿನ ಹೊತ್ತು ನೀರನ್ನು ರಭಸವಾಗಿ ಚಿಮ್ಮಿಸಿ, ಅಂಟುವಾಳದ ನೊರೆಯಲ್ಲಿ ಅದ್ದಿದ ಬಟ್ಟೆಯಿಂದ ಒಂದೊಂದೇ ಎಲೆಯನ್ನು ಒರೆಸುವುದು. ಅಂಗೈಯಗಲದ ಎರಡು ಗಿಡಗಳಿಗೆ ಇಷ್ಟು ಶ್ರಮವೇ ಎಂದು ಮನೆಯಾಕೆ ಕೇಳಿದಳು. ಎಕರೆಗಟ್ಟಲೆ ಸೊಪ್ಪನ್ನು ಕೈಯಿಂದಲೇ ಕುಯ್ದು ಹಾಕುವವರು ಗೋಡೆಯಾಚೆಗೆ ಇದ್ದರು. ನಾನು ಉತ್ತರ ಹೇಳಲಿಲ್ಲ.

ಆ ವರ್ಷ ತರಗತಿಯಲ್ಲಿ ಅಕ್ಕಮಹಾದೇವಿಯ ವಚನಗಳನ್ನು ಪಾಠ ಮಾಡುವ ಸರದಿ ಬಂತು. ಅವುಗಳಲ್ಲೊಂದರಲ್ಲಿ ತೆರಣಿಯ ಹುಳು ಬರುತ್ತದೆ. ತನ್ನ ನೂಲೇ ತನಗೆ ಸುತ್ತಿ ಸಾಯುವ ಹುಳುವಿನಲ್ಲಿ ಅಕ್ಕ ಮನುಷ್ಯನ ಆಸೆಯನ್ನು ಕಂಡಳೆಂದು ಪ್ರತಿ ವರ್ಷದಂತೆ ವಿವರಿಸಿದೆ. ಮೂರನೆಯ ಸಾಲಿನ ಹುಡುಗಿ ಎದ್ದು ನಿಂತು, “ನೂಲು ಸುತ್ತಿಕೊಂಡು ಸಾಯಲ್ಲ ಸಾರ್. ಬಿಟ್ಟರೆ ಚಿಟ್ಟೆಯಾಗಿ ಬರ್ತದೆ. ನಾವು ಬಿಸಿ ಕೊಟ್ಟು ಸಾಯಿಸ್ತೀವಿ” ಎಂದಳು. ತರಗತಿ ನಕ್ಕಿತು. ಆಕೆ ಹೇಳಿದ್ದು ಸತ್ಯ. ಹೊರಬಂದ ಚಿಟ್ಟೆಯೂ ಸಾವಿರಾರು ವರ್ಷಗಳ ಸಾಕಣೆಯಿಂದ ಹಾರುವುದನ್ನೇ ಮರೆತಿದೆ. ನಾವು ಅಹಿಂಸೆಯ ಊರಿನವರಲ್ಲ. ಹುಳುವನ್ನು ಮಗುವಿನಂತೆ ಸಾಕಿ ಗೂಡಿನಲ್ಲಿ ಬೇಯಿಸುವ ಊರಿನವರು. ಆದರೆ ಅವರ ಮನೆಯಲ್ಲಿ ಏನನ್ನು ಕೊಲ್ಲುತ್ತಿದ್ದೇವೆ, ಏಕೆ ಕೊಲ್ಲುತ್ತಿದ್ದೇವೆ, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದು ಪುಟ್ಟ ಹುಡುಗಿಗೂ ಗೊತ್ತು. ಎಂ.ಎ. ಓದಿದ ನನಗೆ ಆ ಭಾನುವಾರ ಈ ಮೂರರಲ್ಲಿ ಒಂದೂ ಗೊತ್ತಿರಲಿಲ್ಲ.

ಈ ವರ್ಷದ ಮಳೆಗೆ ಮತ್ತೆ ನಾಲ್ಕು ನೊರಜು ಬಂದಿವೆ. ತಗಡಿಗೆ ಹೊಸ ಹರಳೆಣ್ಣೆ ಸವರಿದ್ದೇನೆ; ಕಾಫಿಯ ಲೋಟಕ್ಕೆ ಮುಚ್ಚಳವಿಟ್ಟುಕೊಳ್ಳುವ ಅಭ್ಯಾಸವಾಗಿದೆ. ಸೀಸೆಯನ್ನು ಮಾತ್ರ ಯಾರಿಗೆ ಕೊಡುವುದೋ ಎಲ್ಲಿ ಚೆಲ್ಲುವುದೋ ತಿಳಿಯದೆ, ಮುಚ್ಚಳ ಬಿಗಿದು ಬೀಗದ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಹೋದ ವಾರ ನಮ್ಮ ಬೀದಿಗೆ ಹೊಸದಾಗಿ ಬಂದವರೊಬ್ಬರು ಗುಲಾಬಿ ಕುಂಡಗಳ ಮುಂದೆ ಸಿಂಪಡಕ ಹಿಡಿದು ನಿಂತಿದ್ದರು. ನಾನು ಅವರಿಗೆ ಉಪದೇಶ ಮಾಡಲಿಲ್ಲ. “ಸ್ವಲ್ಪ ತಾಳಿ” ಎಂದು ಹೇಳಿ ಹಿತ್ತಿಲಿಗೆ ಹೋಗಿ ಗೋಡೆಯ ಬಳಿ ನಿಂತು, “ದೊಡ್ಡವ್ವಾ, ಹುಳ ಎಷ್ಟನೇ ಜ್ವರ?” ಎಂದು ಕೂಗಿದೆ.

ತೋಟದ ಕೊನೆಯಿಂದ ಉತ್ತರ ಬಂತು: “ನಾಲ್ಕರಿಂದ ಎದ್ದವೆ, ಮೇಷ್ಟ್ರೇ!”

ಹೊಸಬರು ಸಿಂಪಡಕವನ್ನು ಕೆಳಗಿಟ್ಟು, ಅದರ ಅರ್ಥವೇನೆಂದು ಕೇಳಿದರು. ಅವರನ್ನು ಒಳಗೆ ಕರೆದು ಕೂರಿಸಿ, ಹರಳೆಣ್ಣೆಯ ಡಬ್ಬಿಯನ್ನು ಮುಂದಿಟ್ಟುಕೊಂಡು, ಮೊದಲಿನಿಂದ ಹೇಳತೊಡಗಿದೆ.